ಸಂಜೆ ಎಂಟರ ಎಂಗೇಜ್ ಟೋನು: ಒಂಬತ್ತು ವರ್ಷ ಬಳಸಿದ ಅಗ್ಗದ ಡಯಲ್-ಅಪ್

ಟೆಲಿಫೋನ್ ಲೈನಿನ ಮೇಲೆ ನಂಬರ್ ಡಯಲ್ ಮಾಡಿ ಇಂಟರ್ನೆಟ್ ಹಿಡಿಯುವ ಡಯಲ್-ಅಪ್ ಸೇವೆಯೊಂದು ಹೇಗಿದೆ ಎಂದು ತಿಳಿಯಬೇಕಿದ್ದರೆ ಬೆಳಿಗ್ಗೆ ಹನ್ನೊಂದಕ್ಕೆ ಕನೆಕ್ಟ್ ಮಾಡಿ ನೋಡಬಾರದು. ರಜೆಯ ಹಿಂದಿನ ದಿನ ಸಂಜೆ ಎಂಟಕ್ಕೆ ಡಯಲ್ ಮಾಡಬೇಕು. 1999ರಲ್ಲಿ ಒಂದು ಸಣ್ಣ ಸಂಸ್ಥೆಯ ಕನೆಕ್ಷನ್ ತೆಗೆದುಕೊಂಡಾಗ ನನಗೆ ಈ ಬುದ್ಧಿ ಇರಲಿಲ್ಲ. ದೊಡ್ಡ ಕಂಪನಿಗೆ ಕಟ್ಟುತ್ತಿದ್ದ ಹಣದ ಮೂರನೇ ಒಂದು ಪಾಲಿಗೆ, ಅದೂ ಗಂಟೆ ಲೆಕ್ಕವಿಲ್ಲದೆ ಕೊಡುತ್ತೇವೆ ಎಂದರು. ಸೇರಿಬಿಟ್ಟೆ. ಮೊದಲ ವಾರ ಹಗಲು ಹೊತ್ತು ಬಳಸಿ ಸಿಕ್ಕವರಿಗೆಲ್ಲ ಶಿಫಾರಸು ಮಾಡಿದೆ. ಎರಡನೇ ವಾರ ಸಂಜೆ ಕೂತೆ. ಎಂಗೇಜ್. ಮತ್ತೆ ಎಂಗೇಜ್. ಹದಿನೇಳನೇ ಸಲಕ್ಕೆ ಲೈನ್ ಸಿಕ್ಕಿತು, ಅಷ್ಟರಲ್ಲಿ ಏನು ನೋಡಬೇಕೆಂದು ಕೂತಿದ್ದೆನೋ ಮರೆತೇಹೋಗಿತ್ತು. ಶಿಫಾರಸು ಕೇಳಿ ಸೇರಿದವರ ಮುಖ ನೋಡುವುದಕ್ಕೆ ಸ್ವಲ್ಪ ದಿನ ಸಂಕೋಚವಾಗುತ್ತಿತ್ತು.

ಆದರೂ 2008ರವರೆಗೆ ಅದನ್ನು ಬಿಡಲಿಲ್ಲ.

ಮೊದಲು ಹಣದ ವಿಷಯ ಹೇಳಿ ಮುಗಿಸುತ್ತೇನೆ. ಡಯಲ್-ಅಪ್‌ಗೆ ಬಿಲ್ಲು ಎರಡು: ಇಂಟರ್ನೆಟ್ ಕೊಡುವವರದ್ದು ಒಂದು, ಟೆಲಿಫೋನಿನದ್ದು ಇನ್ನೊಂದು. ಮೊದಲನೆಯದು ಅಗ್ಗ ಎಂದು ಹಿಗ್ಗಿದವರನ್ನು ಎರಡನೆಯದು ನೆಲಕ್ಕೆ ಇಳಿಸುತ್ತದೆ. ಡಯಲ್ ಮಾಡುವ ನಂಬರ್ ನಿಮ್ಮ ಎಕ್ಸ್‌ಚೇಂಜಿಗೆ ಲೋಕಲ್ ಕರೆಯೇ ಎಂದು ಸೇರುವ ಮುಂಚೆ ಕೇಳದಿದ್ದರೆ ತಿಂಗಳ ಕೊನೆಯಲ್ಲಿ ಉತ್ತರ ತಾನಾಗೇ ಬರುತ್ತದೆ. ನನಗೆ ಅದು ಲೋಕಲ್ಲೇ ಆಗಿತ್ತು, ಬಿಲ್ಲೂ ಒಂಬತ್ತು ವರ್ಷ ಒಮ್ಮೆಯೂ ಏರುಪೇರಾಗಲಿಲ್ಲ.

ಎಂಗೇಜ್ ಟೋನಿಗೆ ಬರೋಣ. ಎಲ್ಲರೂ ಒಟ್ಟಿಗೆ ಬರುವುದಿಲ್ಲ ಎನ್ನುವ ನಂಬಿಕೆಯ ಮೇಲೇ ಇಂಥ ವ್ಯಾಪಾರ ನಿಂತಿರುತ್ತದೆ. ಹತ್ತು ಗ್ರಾಹಕರಿಗೆ ಒಂದು ಲೈನು ಎನ್ನುವುದು ಆಗ ಚಾಲ್ತಿಯಲ್ಲಿದ್ದ ಲೆಕ್ಕ. ಹಗಲು ಹೊತ್ತು ಆ ಲೆಕ್ಕ ಧಾರಾಳವೇ. ಸಂಜೆ ಊಟಕ್ಕೆ ಮುಂಚಿನ ಎರಡು ಗಂಟೆ ಅದು ಕುಸಿದು ಬೀಳುತ್ತದೆ. ಅದರ ಮೇಲೆ 'ಅನ್‌ಲಿಮಿಟೆಡ್' ಎಂದು ಬೇರೆ ಹೇಳಿಬಿಟ್ಟರೆ ಕೇಳಬೇಕೇ? ಗಂಟೆಗೆ ದುಡ್ಡು ಕೊಡುವವನು ಕೆಲಸ ಮುಗಿದ ತಕ್ಷಣ ಲೈನ್ ಬಿಡುತ್ತಾನೆ. ಕೊಡದವನು ಊಟಕ್ಕೆ ಎದ್ದುಹೋದರೂ, ಕಂಪ್ಯೂಟರನ್ನು ಫೋನ್ ಲೈನಿಗೆ ಕೂಡಿಸುವ ಮೋಡೆಮಿನ ದೀಪ ಉರಿಯುತ್ತಲೇ ಇರುತ್ತದೆ. ಇದಕ್ಕೆಂದೇ ಅವರು ಎರಡು ಕಡಿವಾಣ ಇಟ್ಟಿದ್ದರು. ಹದಿನೈದು ನಿಮಿಷ ಏನೂ ಓಡಾಡದಿದ್ದರೆ ಕಟ್, ನಾಲ್ಕು ಗಂಟೆ ತುಂಬಿದರೆ ಹೇಗಿದ್ದರೂ ಕಟ್. ಕರಾರು ಪತ್ರದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿತ್ತು, ನಾನು ಓದಿರಲಿಲ್ಲ. ಓದಿದ ಮೇಲೆ ಏನು ಮಾಡಿದೆ ಗೊತ್ತೇ? ಐದು ನಿಮಿಷಕ್ಕೊಮ್ಮೆ ತಾನಾಗೇ ಮೇಲ್ ನೋಡುವಂತೆ ಕಂಪ್ಯೂಟರಿಗೆ ಹೇಳಿಟ್ಟು ಮೊದಲನೇ ಕಡಿವಾಣ ತಪ್ಪಿಸಿಕೊಂಡೆ. ಲೈನ್ ಸಿಗುವುದಿಲ್ಲ ಎಂದು ಅವರ ಮೇಲೆ ಹರಿಹಾಯುತ್ತಿದ್ದವನೂ ನಾನೇ, ಲೈನ್ ಹಿಡಿದು ಕೂತಿದ್ದವನೂ ನಾನೇ.

ವೇಗದ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು. ಕನೆಕ್ಟ್ ಆದಾಗ ಪರದೆಯ ಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಬಿಟ್ ಎಂದು ಹೇಳುವ ಒಂದು ಅಂಕಿ ಕಾಣುತ್ತದಲ್ಲ, ಅದನ್ನು ಓದಲು ಕಲಿತರೆ ಅರ್ಧ ಜಗಳ ಉಳಿಯುತ್ತದೆ. ಕೆಲವು ಮೋಡೆಮ್‌ಗಳು 115200 ಎಂದು ತೋರಿಸುತ್ತವೆ. ಅದನ್ನು ನೋಡಿ ನಾನೂ ಒಂದು ದಿನ ಕುಣಿದಿದ್ದೆ. ಅದು ಕಂಪ್ಯೂಟರಿಗೂ ಮೋಡೆಮಿಗೂ ನಡುವಿನ ಒಂದು ಮೊಳ ಕೇಬಲ್ಲಿನ ವೇಗ, ಟೆಲಿಫೋನ್ ಲೈನಿನದ್ದಲ್ಲ. ಸೆಟ್ಟಿಂಗ್ ಬದಲಿಸಿ ನೋಡಿದಾಗ ನಿಜವಾದ ಅಂಕಿ ಬಂತು: 31,200. ನನ್ನ ಮೋಡೆಮ್ 56ಕೆ, ಎಂದರೆ 56,000ದ್ದು, ಅವರ ಜಾಹೀರಾತೂ 56ಕೆ. ಹಾಗಾದರೆ ಉಳಿದದ್ದು ಎಲ್ಲಿ ಸೋರಿತು?

ನನ್ನ ಮನೆಯ ತಂತಿಯನ್ನೇ ಅನುಮಾನಿಸಿ ಒಂದು ವರ್ಷ ಕಳೆದೆ. ಪಕ್ಕದ ರೂಮಿನ ಪ್ಯಾರಲಲ್ ಫೋನ್ ಕಿತ್ತೆ, ಗೋಡೆಯ ಸಾಕೆಟ್ ಬದಲಿಸಿದೆ, ಮೋಡೆಮಿನ ತಂತಿ ಮೋಟು ಮಾಡಿದೆ. ಅಂಕಿ ಅಲ್ಲಾಡಲಿಲ್ಲ. ಗುಟ್ಟು ಅಂಕಿಯಲ್ಲೇ ಇತ್ತು. ಮೋಡೆಮ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಹಳೆಯ ವಿ.34 ಪದ್ಧತಿ 2,400ರ ಮೆಟ್ಟಿಲು ಹತ್ತುತ್ತದೆ: 28,800, 31,200, ತುತ್ತತುದಿ 33,600. 1998ರಲ್ಲಿ ಬಂದ ವಿ.90 ಹತ್ತುವ ಮೆಟ್ಟಿಲೇ ಬೇರೆ, ಸುಮಾರು 1,333ರದ್ದು: 44,000, 45,333, 46,667 ಹೀಗೆ. ಎಂದೂ 33,600 ದಾಟುವುದೇ ಇಲ್ಲ ಎಂದರೆ ವಿ.90 ಹತ್ತಿಕೊಂಡೇ ಇಲ್ಲ ಎಂದರ್ಥ. ಎಕ್ಸ್‌ಚೇಂಜು ನಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಾಗಿ ಬರೆದಿಡುತ್ತದೆ. ಸಂಸ್ಥೆಯ ತುದಿ ಡಿಜಿಟಲ್ ಆಗಿದ್ದರೆ ಮಾತ್ರ ಆ ಅಳತೆಗಳನ್ನು ನೇರವಾಗಿ ನಮ್ಮ ಕಡೆ ತಳ್ಳಿ 56ಕೆ ಹತ್ತಿರ ಹೋಗಬಹುದು. ಅವರೂ ನಮ್ಮ ಹಾಗೆ ಮಾಮೂಲಿ ಲೈನುಗಳಿಗೆ ಮಾಮೂಲಿ ಮೋಡೆಮ್ ಸಿಕ್ಕಿಸಿ ಕಪಾಟಿನಲ್ಲಿ ಜೋಡಿಸಿಟ್ಟುಕೊಂಡಿದ್ದರೆ 33,600 ದಾಟುವ ಮಾತೇ ಇಲ್ಲ, ಆ ಮೋಡೆಮ್‌ಗಳ ಮೇಲೆ 56ಕೆ ಎಂದು ಎಷ್ಟು ದಪ್ಪಕ್ಷರದಲ್ಲಿ ಬರೆದಿದ್ದರೂ.

ಫೋನ್ ಮಾಡಿ ಕೇಳಿದೆ: "ನಿಮ್ಮ ಕಡೆ ಲೈನು ಡಿಜಿಟಲ್ಲಾ?"

ಸ್ವಲ್ಪ ಹೊತ್ತು ಮೌನ. "ಇನ್ನೂ ಇಲ್ಲ ಸಾರ್. ಬರೋ ವರ್ಷ ಹಾಕ್ತೀವಿ."

ಜಾಹೀರಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ ನೋಡಿ, ಮೋಡೆಮ್‌ಗಳು 56ಕೆ ಹೌದು. ಆ ಸಲ ಬಿಟ್ಟೇಬಿಡಬೇಕು ಎನ್ನಿಸಿತ್ತು. ಹೇಳಿದ ಮಾತು ಉಳಿಸಿಕೊಂಡರು ಎನ್ನುವುದನ್ನೂ ಹೇಳಬೇಕು. 2001ರಲ್ಲಿ ಒಂದು ದಿನ ಮೂಲೆಯಲ್ಲಿ 45,333 ಕಂಡಿತು, ನನ್ನ ತುದಿಯಲ್ಲಿ ನಾನೇನೂ ಮಾಡಿರಲಿಲ್ಲ. ಡಿಜಿಟಲ್ ಲೈನಿನಲ್ಲಿ ಒಂದೇ ಕೇಬಲ್ಲಿನೊಳಗೆ 30 ಕರೆ ಬರುತ್ತವೆ, ಕೆಲವು ದೇಶಗಳಲ್ಲಿ 23. ಹಾಗಾಗಿ ಎಂಗೇಜ್ ಟೋನಿನ ಕಾಟವೂ ಅರ್ಧಕ್ಕರ್ಧ ಇಳಿಯಿತು. ಅಲ್ಲಿಂದಾಚೆಗೆ ದೊಡ್ಡ ಕಂಪನಿಯ ಗ್ರಾಹಕನಿಗೂ ನನಗೂ ವೇಗದಲ್ಲಿ ಯಾವ ಭೇದವೂ ಉಳಿಯಲಿಲ್ಲ. ಮೂರು ಪಟ್ಟು ಹಣ ಕೊಟ್ಟವನ ತಂತಿಯೂ ಅದೇ ತಾಮ್ರದ ತಂತಿ. ಸೆಕೆಂಡಿಗೆ ಸುಮಾರು 5 ಕಿಲೋಬೈಟ್. 3 ಎಂಬಿ ಹಾಡಿಗೆ ಹತ್ತು ನಿಮಿಷ. 100 ಎಂಬಿ ತಂತ್ರಾಂಶಕ್ಕೆ ಐದೂವರೆ ಗಂಟೆ, ಎಂದರೆ ನಾಲ್ಕು ಗಂಟೆಯ ಕತ್ತರಿ ಬೀಳುವುದು ಖಾತ್ರಿ. ನಿಂತಲ್ಲಿಂದ ಮುಂದುವರಿಸುವ ಡೌನ್‌ಲೋಡ್ ಮ್ಯಾನೇಜರ್ ಇಲ್ಲದೆ ಆ ಸಾಹಸಕ್ಕೆ ಇಳಿದವನನ್ನು ದೇವರೇ ಕಾಪಾಡಬೇಕು.

ಹಾಗಾದರೆ ಸಣ್ಣ ಸಂಸ್ಥೆಯಲ್ಲಿ ನನಗೆ ಸಿಕ್ಕಿದ್ದೇನು? ಫೋನ್ ಎತ್ತುವ ಮನುಷ್ಯ. ಅಲ್ಲಿ ಇದ್ದದ್ದೇ ಇಬ್ಬರು. ಯಾರೇ ಎತ್ತಲಿ, ಕೆಲಸ ಗೊತ್ತಿದ್ದವರು. "ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದಿರಾ" ಎಂದು ಹಾಳೆ ನೋಡಿ ಓದುವವರಲ್ಲ. ಒಂದೇ ಲೈನ್ ಇರುವ ಮನೆಯಲ್ಲಿ ಡಯಲ್-ಅಪ್ ರಿಪೇರಿ ಎಂದರೆ ಒಂದು ವಿಚಿತ್ರ ಆಟ. ಫೋನಿನಲ್ಲಿ ಮಾತಾಡುವಾಗ ಕನೆಕ್ಟ್ ಮಾಡುವಂತಿಲ್ಲ, ಕನೆಕ್ಟ್ ಮಾಡುವಾಗ ಮಾತಾಡುವಂತಿಲ್ಲ. ಅವರು ಹೇಳಿದ್ದನ್ನು ಬರೆದುಕೊಳ್ಳಬೇಕು, ಫೋನ್ ಇಡಬೇಕು, ಡಯಲ್ ಮಾಡಿ ನೋಡಬೇಕು, ಕೆಟ್ಟರೆ ಮತ್ತೆ ಫೋನ್ ಮಾಡಬೇಕು.

ಒಂದು ಮಳೆಗಾಲ ಲೈನು ಪದೇ ಪದೇ ಕಡಿದುಹೋಗುತ್ತಿತ್ತು. "ಮೋಡೆಮ್ ಸದ್ದು ಬಂದ್ ಮಾಡಿದೀರಾ?" ಎಂದು ಕೇಳಿದರು. ಮಾಡಿದ್ದೆ, ರಾತ್ರಿ ಎಲ್ಲರ ನಿದ್ದೆ ಕೆಡುತ್ತದೆಂದು. "ಬಿಡಿ ಸಾರ್ ಸದ್ದನ್ನ, ರೋಗ ಅದರಲ್ಲೇ ಗೊತ್ತಾಗೋದು." ಬಿಟ್ಟೆ, ಕೇಳಿದೆ, ಮತ್ತೆ ಫೋನ್ ಮಾಡಿದೆ. "ಹೇಗೆ ಬಂತು, ಬಾಯಲ್ಲಿ ಮಾಡಿ ತೋರಿಸಿ." ನಾನು ಮಾಡಿ ತೋರಿಸಿದೆ. ಒಂದು ಉದ್ದನೆಯ ಸಿಳ್ಳೆ, ಅದರ ಮೇಲೆ ಎರಡು ಸಲ ಕುಟುಕಿದ ಹಾಗೆ, ಆಮೇಲೆ ಕರ್ರ್... ಶ್ಶ್... ಮತ್ತೆ ಕರ್ರ್. ಬಾಗಿಲಲ್ಲಿ ನಿಂತಿದ್ದ ಅಮ್ಮ "ಯಾರ ಹತ್ತಿರ ಮಾತಾಡ್ತಾ ಇದೀಯೋ?" ಎಂದು ಕೇಳಿದರು. ಆ ಕಡೆಯವರು ಮಾತ್ರ ನಗಲಿಲ್ಲ. ಸಿಳ್ಳೆ ಎಂದರೆ ಆ ತುದಿಯ ಮೋಡೆಮ್ ಎತ್ತಿಕೊಂಡ ಗುರುತು, 2100 ಹರ್ಟ್ಜ್ ದನಿ. ಅದರಲ್ಲಿ ಬರುವ ಕುಟುಕು ದಾರಿಯಲ್ಲಿನ ಪ್ರತಿಧ್ವನಿ ತಡೆಗಳನ್ನು ಆಫ್ ಮಾಡುವುದಕ್ಕೆ. ಅಷ್ಟು ಸರಿಯಿದೆ. ಕರ್ರ್ ಎನ್ನುವುದು ಎರಡೆರಡು ಸಲ ಬಂದರೆ ಮಾತುಕತೆ ಮುರಿದು ಮೊದಲಿಂದ ಶುರುವಾಗುತ್ತಿದೆ ಎಂದರ್ಥ. "ನಿಮ್ಮ ಲೈನಿಗೆ ಎಲ್ಲೋ ನೀರು ಇಳಿದಿದೆ. ಟೆಲಿಫೋನಿನವರಿಗೆ ದೂರು ಕೊಡಿ. ಅಲ್ಲಿವರೆಗೆ ಎಸ್10 ಅನ್ನೋದನ್ನ 50 ಮಾಡಿ." ಎಸ್10 ಎಂದರೆ ಮೋಡೆಮಿನೊಳಗಿನ ಒಂದು ಸೆಟ್ಟಿಂಗ್, ಹತ್ತನೇ ಒಂದು ಸೆಕೆಂಡಿನ ಲೆಕ್ಕ ಅದು. ದನಿ ಕಡಿದರೂ ಮೋಡೆಮ್ ಐದು ಸೆಕೆಂಡು ತಾಳಿಕೊಳ್ಳುತ್ತದೆ, ತಕ್ಷಣ ಫೋನ್ ಇಡುವುದಿಲ್ಲ. ಮಳೆಗಾಲ ಹಾಗೇ ದಾಟಿತು.

ಇನ್ನೊಂದು ಸಲ ಅಂಚೆಪೆಟ್ಟಿಗೆ ಕಟ್ಟಿಕೊಂಡಿತು. 5 ಎಂಬಿಯ ಪೆಟ್ಟಿಗೆ. ಗೆಳೆಯನೊಬ್ಬ 3 ಎಂಬಿ ಫೋಟೊ ಕಳಿಸಿದ. ಮೇಲ್‌ಗೆ ಅಂಟಿಸಿದ ಕಡತ ಮೂರನೇ ಒಂದರಷ್ಟು ಊದಿಕೊಳ್ಳುತ್ತದೆ, ಹಾಗಾಗಿ ಅದು 4 ಎಂಬಿ. ಇಳಿಸಲು ಹದಿಮೂರು ನಿಮಿಷ ಬೇಕು, ಹತ್ತನೇ ನಿಮಿಷಕ್ಕೆ ಲೈನ್ ಕಟ್, ಮತ್ತೆ ಮೊದಲಿಂದ. ಅದರ ಹಿಂದೆ ನಿಂತ ಮೇಲ್‌ಗಳಿಗೆ ದಾರಿಯೇ ಇಲ್ಲ. ಬೇರೆ ಕಡೆಯಾಗಿದ್ದರೆ ದೂರಿನ ನಂಬರ್ ಕೊಟ್ಟು ಕೂರಿಸುತ್ತಿದ್ದರೇನೋ. ಇವರು ಸರ್ವರಿನ ಜೊತೆ ಟೈಪ್ ಮಾಡಿ ನೇರ ಮಾತಾಡುವ ಟೆಲ್‌ನೆಟ್ ತೆರೆಸಿ, ಮೇಲ್ ಕೊಡುವ ಬಾಗಿಲಾದ 110ನೇ ಪೋರ್ಟಿಗೆ ಹೋಗಲು ಹೇಳಿ, ಒಂದೊಂದೇ ಆಜ್ಞೆ ಬರೆಸಿದರು: ಯೂಸರ್, ಪಾಸ್, ಲಿಸ್ಟ್, ಡೆಲೆ. ಅಳಿಸಿ ಕಿಟಕಿ ಮುಚ್ಚಿದೆ. ಮತ್ತೆ ಬಂದು ನೋಡಿದರೆ ಫೋಟೊ ಅಲ್ಲೇ ಕೂತಿದೆ! ಕ್ವಿಟ್ ಎಂದು ಹೇಳಿ ಹೊರಬರದಿದ್ದರೆ ಸರ್ವರ್ ಏನನ್ನೂ ಅಳಿಸುವುದಿಲ್ಲವಂತೆ. ಅಂದು ಕಲಿತ ಆ ನಾಲ್ಕೈದು ಪದ ನನಗೆ ಆಮೇಲೂ ಎಷ್ಟೋ ಸಲ ಕೆಲಸಕ್ಕೆ ಬಂದವು.

ಇಬ್ಬರೇ ಇರುವ ಕಡೆ ಆಗುವ ಕಷ್ಟವೂ ಆಯಿತು. ಒಂದು ಭಾನುವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಡಯಲ್ ಮಾಡಿದರೆ ರಿಂಗ್ ಆಗುತ್ತದೆ, ಎತ್ತುವ ಮೋಡೆಮ್ ಇಲ್ಲ, ಸಹಾಯದ ನಂಬರಿಗೂ ಜನ ಇಲ್ಲ. ಸೋಮವಾರ ಕ್ಷಮೆ ಕೇಳಿದರು, ಕಾರಣ ಹೇಳಲಿಲ್ಲ. 2004ರಲ್ಲಿ 'ಐದು ಪಟ್ಟು ವೇಗ' ಎಂದು ಒಂದು ಆಕ್ಸಿಲರೇಟರ್ ತಂದರು, ಮೇಲೆ ಸ್ವಲ್ಪ ಹೆಚ್ಚುವರಿ ಹಣ. ಚಿತ್ರಗಳನ್ನು ಅವರ ಸರ್ವರಿನಲ್ಲೇ ಹಿಂಡಿ ಕಳಿಸುವ ಉಪಾಯ. ಪುಟ ಬೇಗ ಬರುತ್ತಿತ್ತು ನಿಜ, ಅದರಲ್ಲಿದ್ದವರ ಮುಖ ಮಾತ್ರ ಒದ್ದೆ ಕಾಗದದ ಮೇಲೆ ಬರೆದ ಹಾಗಿರುತ್ತಿತ್ತು. ಬೀಗದ ಗುರುತಿರುವ ಪುಟಗಳಿಗೆ ಅದರಿಂದ ಏನೂ ಉಪಯೋಗವಿಲ್ಲ. ಒಂದು ತಿಂಗಳಿಗೆ ಬಿಟ್ಟೆ. ವಿ.90ರ ನಂತರ ಬಂದ ವಿ.92ರಲ್ಲಿ, ಕರೆ ಬಂದರೆ ಇಂಟರ್ನೆಟ್ಟನ್ನು ತಡೆಹಿಡಿದು ಮಾತಾಡಿ ಮರಳುವ ಸೌಲಭ್ಯ ಇತ್ತು. ನನ್ನ ಹೊಸ ಮೋಡೆಮಿಗೆ ಅದು ಬರುತ್ತಿತ್ತು, ಅವರ ತುದಿಯಲ್ಲಿ ಕೊನೆಯವರೆಗೂ ಹಾಕಲಿಲ್ಲ. ಬೇಕಿದ್ದ ಒಂದೇ ಸೌಲಭ್ಯ ಅದಾಗಿತ್ತು.

ನನ್ನದೇ ಒಂದು ತಪ್ಪು: ಅವರು ಕೊಟ್ಟ ಮೇಲ್ ವಿಳಾಸವನ್ನೇ ಎಲ್ಲ ಕಡೆ ಕೊಟ್ಟಿದ್ದೆ. ಸಂಸ್ಥೆ ಮುಚ್ಚಿದರೆ ವಿಳಾಸವೂ ಹೋಗುತ್ತದೆ ಎಂದು ಹೊಳೆದಿರಲಿಲ್ಲ. ಈಗಲೂ ಒಂದೆರಡು ಹಳೆಯ ಖಾತೆಗಳ ಪಾಸ್‌ವರ್ಡ್ ಮರೆತರೆ, ಬದಲಿಸುವ ಪತ್ರ ಆ ಇಲ್ಲದ ವಿಳಾಸಕ್ಕೆ ಹೋಗುತ್ತದೆ.

2008ರಲ್ಲಿ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡು, ನಿಲ್ಲಿಸಿ ಎಂದು ಹೇಳಲು ಫೋನ್ ಮಾಡಿದೆ. ಯಾಕೆ ಎಂದು ಕೇಳಲಿಲ್ಲ. "ವರ್ಷದ ಹಣ ಕಟ್ಟಿದೀರಲ್ಲ ಸಾರ್, ಇನ್ನೂ ಮೂರು ತಿಂಗಳಿದೆ. ನಂಬರ್ ಇಟ್ಕೊಂಡಿರಿ, ಅದು ಕೆಟ್ಟಾಗ ಬೇಕಾಗುತ್ತೆ" ಎಂದರು. ಎರಡನೇ ತಿಂಗಳಲ್ಲೇ ಬ್ರಾಡ್‌ಬ್ಯಾಂಡ್ ಕೆಟ್ಟಿತು. ಮೋಡೆಮ್ ಹುಡುಕಿ ತೆಗೆದು ಸಿಕ್ಕಿಸಿದೆ. ಶನಿವಾರ, ಸಂಜೆ ಎಂಟು ಗಂಟೆ. ಹದಿನೇಳು ಸಲಕ್ಕೆ ಸಿದ್ಧನಾಗಿಯೇ ಡಯಲ್ ಮಾಡಿದೆ. ಮೊದಲನೇ ರಿಂಗಿಗೇ ಎತ್ತಿಕೊಂಡಿತು. 46,667. ಅಷ್ಟು ವರ್ಷಗಳಲ್ಲಿ ನಾನು ಕಂಡ ಅತಿ ದೊಡ್ಡ ಅಂಕಿ.