ಫೋನೋ, ಕ್ಯಾಮೆರಾವೋ, ಟ್ರೈಪಾಡೋ: ಮನೆಮಂದಿಯೊಂದಿಗಿನ ಮೂರು ಪ್ರವಾಸಗಳ ಹೋಲಿಕೆ

ಮೈಸೂರಿನಿಂದ ಬೆಳಿಗ್ಗೆ ಹೊರಟು ರಾತ್ರಿಯೂಟಕ್ಕೆ ಮರಳುವಷ್ಟು ದೂರದ ಜಾಗಗಳಿಗೆ ಮನೆಯವರೊಂದಿಗೆ ಹೋಗುವಾಗ, ನಿಸರ್ಗದ ಚಿತ್ರ ತೆಗೆಯಲು ಏನನ್ನು ಒಯ್ಯಬೇಕೆಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಕಳೆದ ಮಳೆಗಾಲದಿಂದ ಚಳಿಗಾಲದವರೆಗೆ ಮೂರು ಪ್ರವಾಸಗಳಲ್ಲಿ ಒಂದೇ ದೃಶ್ಯವನ್ನು ಬೇರೆ ಬೇರೆ ಬಗೆಯಲ್ಲಿ ತೆಗೆದು ನೋಡಿದೆ. ಒಂದು, ಜೇಬಿನಲ್ಲಿರುವ ಮಧ್ಯಮ ಬೆಲೆಯ ಫೋನ್. ಇನ್ನೊಂದು, 24 ಮೆಗಾಪಿಕ್ಸೆಲ್‌ನ ಹಳೆಯ ಡಿಎಸ್‌ಎಲ್‌ಆರ್ ಮತ್ತು ಅದರೊಂದಿಗೇ ಬಂದ 18–55 ಮಿ.ಮೀ. ಲೆನ್ಸ್ (18ರಲ್ಲಿ ಅಗಲದ ನೋಟ, 55ರಲ್ಲಿ ಹತ್ತಿರಕ್ಕೆ ಎಳೆದ ನೋಟ). ಮೂರನೆಯದು, ಅದೇ ಕ್ಯಾಮೆರಾಕ್ಕೆ ಟ್ರೈಪಾಡ್ ಮತ್ತು ಹೊಳಪು, ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಸೇರಿಸಿದ ಏರ್ಪಾಡು. ಒಬ್ಬನೇ ಹೋದಾಗ ಮೂರನೆಯದಕ್ಕೆ ಸರಿಸಾಟಿಯಿಲ್ಲವೆಂಬುದು ಮೊದಲೇ ಗೊತ್ತಿತ್ತು. ಆದರೆ ಎಪ್ಪತ್ತು ದಾಟಿದ ತಾಯಿ ಮತ್ತು ಹಸಿವು ತಡೆಯದ ಏಳು ವರ್ಷದ ಮಗಳು ಜೊತೆಗಿದ್ದಾಗ ಒಂದು ಜಾಗದಲ್ಲಿ ನನಗೆ ಸಿಗುವುದು ಐದೋ ಹತ್ತೋ ನಿಮಿಷ. ಅಷ್ಟರಲ್ಲಿ ಏನು ದಕ್ಕುತ್ತದೆ ಎಂಬುದೇ ಇಲ್ಲಿಯ ಅಳತೆಗೋಲು.

ಮೊದಲ ಪ್ರಯೋಗ ನಡೆದದ್ದು ಆಗಸ್ಟ್‌ನಲ್ಲಿ, ಶಿವನಸಮುದ್ರದ ಭರಚುಕ್ಕಿಯಲ್ಲಿ. ಕಾವೇರಿ ತುಂಬಿ ಹರಿಯುತ್ತಿದ್ದುದರಿಂದ ಕೆಳಗಿಳಿಯುವ ಮಾತಿರಲಿಲ್ಲ, ಮೇಲಿನಿಂದಲೇ ತೆಗೆಯಬೇಕಾಯಿತು. ಮೋಡ ಕವಿದಿತ್ತು. ಟ್ರೈಪಾಡ್ ನಿಲ್ಲಿಸಿ, ಪೋಲರೈಸರ್ ಹಾಕಿ, ಐಎಸ್‌ಓ 100 ಮತ್ತು ಎಫ್/16ರಲ್ಲಿ, ಅಂದರೆ ಬೆಳಕಿನ ಸಂವೇದನೆ ತಗ್ಗಿಸಿ ಲೆನ್ಸಿನ ಕಿಂಡಿ ಕಿರಿದಾಗಿಸಿ, ಷಟರನ್ನು ಕಾಲು ಸೆಕೆಂಡು ತೆರೆದಿಟ್ಟಾಗ ನೀರು ಹಾಲಿನ ಎಳೆಗಳಂತೆ ಬಂತು, ಒದ್ದೆ ಬಂಡೆಯ ಹೊಳಪು ಅಡಗಿ ಅದರ ಕಪ್ಪು ಬಣ್ಣ ಕಾಣಿಸಿತು. ಕೈಯಲ್ಲೇ ಹಿಡಿದ ಕ್ಯಾಮೆರಾ ಈ ಕೆಲಸ ಮಾಡಲಾರದು. ಫೋನ್ ಮಾತ್ರ ಅನೇಕ ಚೌಕಟ್ಟುಗಳನ್ನು ಬೆರೆಸಿ ಅದೇ ಪರಿಣಾಮವನ್ನು ನಟಿಸಿತು. ಅದರ ಚಿಕ್ಕ ಪರದೆಯಲ್ಲಿ ಚೆನ್ನಾಗಿಯೇ ಕಂಡರೂ ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದಾಗ ದಡದ ಮರಗಳ ಎಲೆಗಳು ಬಣ್ಣ ಮೆತ್ತಿದಂತೆ ಕಲಸಿಹೋಗಿದ್ದವು. ಆದರೆ ಟ್ರೈಪಾಡಿನ ಆ ಒಂದು ಚಿತ್ರಕ್ಕೆ ಹದಿನೆಂಟು ನಿಮಿಷ ಹಿಡಿಯಿತು. ತುಂತುರು ಹಾರಿಬಂದು ಲೆನ್ಸನ್ನು ನಾಲ್ಕು ಬಾರಿ ಒರೆಸಿದ್ದೂ ಅದರಲ್ಲಿ ಸೇರಿದೆ. ಜನ ಓಡಾಡುವ ಕಡೆ ಮೂರು ಕಾಲು ಚಾಚಿ ನಿಲ್ಲುವ ಸಂಕೋಚವೂ ಸಣ್ಣದಲ್ಲ.

ಎರಡನೆಯದು ಮೇಲುಕೋಟೆ. ಇಲ್ಲಿ ಟ್ರೈಪಾಡ್ ಕಾರಿನಲ್ಲೇ ಉಳಿಯಿತು, ಯೋಗನರಸಿಂಹನ ಬೆಟ್ಟದ ಮೆಟ್ಟಿಲುಗಳನ್ನು ಅದನ್ನು ಹೊತ್ತು ಏರುವ ಹುಮ್ಮಸ್ಸು ನನಗಿರಲಿಲ್ಲ. ಸಂಜೆಯ ಸೂರ್ಯನಿಗೆ ಬೆನ್ನು ಮಾಡಿ ಮಗಳು ನಿಂತಾಗ ಫೋನ್ ಕ್ಷಣಾರ್ಧದಲ್ಲಿ ಅವಳ ಮುಖವನ್ನೂ ಕೆಂಪು ಆಕಾಶವನ್ನೂ ಸರಿದೂಗಿಸಿತು. ಕ್ಯಾಮೆರಾದಲ್ಲಿ ಆಕಾಶಕ್ಕೆ ಬೆಳಕು ಹೊಂದಿಸಿದರೆ ಮಗಳು ಕಪ್ಪು ನೆರಳಾದಳು. ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರ) ನೆರಳಿನ ಭಾಗವನ್ನು ಬೆಳಗಿಸಿದಾಗ ಮುಖ ಮರಳಿತಾದರೂ ಅದಕ್ಕೆ ಮನೆಯಲ್ಲಿ ಕಾಲು ಗಂಟೆ ಕೂರಬೇಕಾಯಿತು. ಹಾಗೆ ಕೂತು ಪಡೆದ ಆಕಾಶ ಮಾತ್ರ ನಾನು ಕಂಡ ಆಕಾಶವೇ ಆಗಿತ್ತು. ಫೋನಿನದು ಕುಂಕುಮ ಚೆಲ್ಲಿದಂತಿತ್ತು, ಬಂಡೆಗಳ ನೆರಳೆಲ್ಲ ತೊಳೆದುಹೋಗಿ ಸಂಜೆಯೇ ಅನ್ನಿಸುತ್ತಿರಲಿಲ್ಲ. ಫೋನಿನ ಅತಿಅಗಲದ ಲೆನ್ಸಿನ ಬಗ್ಗೆ ಒಂದು ದೂರು: ಎಲ್ಲವನ್ನೂ ತುಂಬಿಸುವ ಭರದಲ್ಲಿ ಅದು ಬೆಟ್ಟವನ್ನು ಗುಡ್ಡ ಮಾಡುತ್ತದೆ, ಗುಡ್ಡವನ್ನು ಹುತ್ತ ಮಾಡುತ್ತದೆ. ಮೇಲಿನಿಂದ ಕಲ್ಯಾಣಿಯನ್ನಷ್ಟೇ ಚೌಕಟ್ಟಿಗೆ ತರಲು 55 ಮಿ.ಮೀ.ಯೇ ಬೇಕಾಯಿತು, ಫೋನಿನಲ್ಲಿ ಹಿಗ್ಗಿಸಿದಾಗ ಮಂಟಪದ ಕಂಬಗಳು ಕರಗಿದವು.

ಮೂರನೆಯದು ಪಾಂಡವಪುರದ ಬಳಿಯ ತೊಣ್ಣೂರು ಕೆರೆ, ಚಳಿಗಾಲದ ಮುಂಜಾವು. ಗಾಳಿಯಿಲ್ಲದ ನೀರಿನಲ್ಲಿ ಗುಡ್ಡಗಳು ತಲೆಕೆಳಗಾಗಿ ನಿಂತಿದ್ದವು. ಇಲ್ಲಿ ಪೋಲರೈಸರ್ ನನಗೆ ಬುದ್ಧಿ ಕಲಿಸಿತು: ನೀರಿನ ಮಿನುಗು ಕಳೆಯಲೆಂದು ತಿರುಗಿಸಿದರೆ ಪ್ರತಿಬಿಂಬವೂ ಕಳೆದುಹೋಯಿತು, 18 ಮಿ.ಮೀ.ಯಲ್ಲಿ ಆಕಾಶದ ಒಂದು ಭಾಗ ಮಾತ್ರ ಗಾಢವಾಗಿ ಕಲೆಯಂತೆ ಕಂಡಿತು. ಫಿಲ್ಟರ್ ಬಿಚ್ಚಿ, ಎಫ್/8ರಲ್ಲಿ ಸುಮಾರು ಎರಡು ಮೀಟರ್ ದೂರಕ್ಕೆ ಫೋಕಸ್ ನಿಲ್ಲಿಸಿದೆ. ಈ ಲೆನ್ಸಿನ 18 ಮಿ.ಮೀ. ತುದಿಗೆ ಅದೊಂದು ಅನುಕೂಲದ ಅಳತೆ. ಒಂದು ಮೀಟರ್ ದೂರದ ಹುಲ್ಲಿನಿಂದ ಆಚೆಯ ಗುಡ್ಡದವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ, ಮತ್ತೆ ಮತ್ತೆ ಫೋಕಸ್ ಮಾಡುವ ಗೊಡವೆಯಿಲ್ಲ. ಐದು ನಿಮಿಷದಲ್ಲಿ ಹನ್ನೆರಡು ಚಿತ್ರಗಳಾದವು. ಆರನೆಯ ನಿಮಿಷಕ್ಕೆ ತಾಯಿಯ ದನಿ ಕೇಳಿಸಿತು: "ಇಡ್ಲಿ ಆರಿಹೋಗ್ತಿದೆ ಕಣಪ್ಪ, ಕೆರೆ ಎಲ್ಲಿಗೂ ಓಡಿಹೋಗಲ್ಲ."

ಹಾಗಾಗಿ ಈಗ ಟ್ರೈಪಾಡನ್ನು ಒಬ್ಬನೇ ಹೊರಡುವ ದಿನಗಳಿಗೆ ಮೀಸಲಿಟ್ಟಿದ್ದೇನೆ. ಮನೆಯವರೊಂದಿಗೆ ಹೊರಟಾಗ ಕುತ್ತಿಗೆಗೆ ಕ್ಯಾಮೆರಾ, ಅದಕ್ಕೆ ಅದೊಂದೇ ಲೆನ್ಸ್; ಜನರಿರುವ ಚಿತ್ರಕ್ಕೆ ಫೋನ್. ಫೋನೊಂದೇ ಸಾಕೆನ್ನುವವರ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಮುದ್ರಣದ ಕಾರಣಕ್ಕೆ. 12×18 ಅಂಗುಲದ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕಿಯಂತೆ 3600×5400 ಪಿಕ್ಸೆಲ್, ಅಂದರೆ 19 ಮೆಗಾಪಿಕ್ಸೆಲ್‌ಗೂ ಮಿಗಿಲು ಬೇಕು. ನನ್ನ ಫೋನ್ ಸಾಮಾನ್ಯವಾಗಿ ಕೊಡುವುದು 12. ತೊಣ್ಣೂರಿನ ಚಿತ್ರವನ್ನು ಎರಡರಿಂದಲೂ ಅದೇ ಅಳತೆಗೆ ಮುದ್ರಿಸಿ ಪಕ್ಕಪಕ್ಕ ಇಟ್ಟಾಗ ಯಾವುದು ಯಾವುದೆಂದು ಮಗಳೂ ಗುರುತಿಸಿದಳು. ಕ್ಯಾಮೆರಾದ್ದು ನಡುಮನೆಯ ಗೋಡೆಗೆ ಏರಿತು. ತಾಯಿ ತಮ್ಮ ಕೋಣೆಗೆ ಕೇಳಿ ಪಡೆದದ್ದು ಮಾತ್ರ ಮೇಲುಕೋಟೆಯ ಫೋನಿನ ಚಿತ್ರ, ಕುಂಕುಮದ ಆಕಾಶದ್ದು.