ಕಿಂಗ್ಸ್ ಸರ್ಕಲ್ ಫುಟ್‌ಪಾತ್‌ನಲ್ಲಿ ಸಿಕ್ಕ ಅಂಡರ್‌ಗ್ರೌಂಡ್ ಕಾಮಿಕ್ಸ್

ಮುಂಬೈಯ ಮಾಟುಂಗಾದ ಕಿಂಗ್ಸ್ ಸರ್ಕಲ್‌ನಲ್ಲಿ ಹಳೇ ಪುಸ್ತಕ ಮಾರುವವರು ಹಲವರಿದ್ದಾರೆ. ಹೆಚ್ಚಿನವರ ಹತ್ತಿರ ಎಂಟ್ರೆನ್ಸ್ ಪರೀಕ್ಷೆ ಗೈಡುಗಳೇ ಜಾಸ್ತಿ. ನೀಲಿ ತಾಡಪತ್ರಿ ಕಟ್ಟಿರುವ ಒಬ್ಬರಿಗೆ ಮಾತ್ರ ಕಾಮಿಕ್ಸ್ ಎಂದರೆ ಪ್ರಾಣ. ಅವರಲ್ಲಿ ನನಗೆ ಅಮೆರಿಕದ 'ಜ್ಯಾಪ್' ಎಂಬ ಅಂಡರ್‌ಗ್ರೌಂಡ್, ಅಂದರೆ ದೊಡ್ಡ ಪ್ರಕಾಶಕರ ಹಂಗಿಲ್ಲದೆ ಹೊರತಂದ, ಕಾಮಿಕ್ಸ್‌ನ ಮೊದಲ ಎರಡು ಸಂಚಿಕೆಗಳ ಹಳೇ ಮರುಮುದ್ರಣ ಸಿಕ್ಕಿತು. ಎರಡಕ್ಕೂ ಸೇರಿ ಒಂಬೈನೂರು ರೂಪಾಯಿ. ಕೊಟ್ಟದ್ದಕ್ಕೆ ಮೋಸವಿಲ್ಲ.

ನಾನು ಲೋವರ್ ಪರೇಲ್‌ನ ಆಫ್‌ಸೆಟ್ ಪ್ರೆಸ್‌ನಲ್ಲಿ ದುಡಿದವನು. ಹಾಗಾಗಿ ಮೊದಲು ನೋಡುವುದು ಪಿನ್ನು, ಕಾಗದ, ಇಂಕು. ಒಳಗೆಲ್ಲ ಅಗ್ಗದ ನ್ಯೂಸ್‌ಪ್ರಿಂಟ್, ಬರೀ ಕಪ್ಪು ಇಂಕು. ಬಣ್ಣವಿರುವುದು ಹೊದಿಕೆಗೆ ಮಾತ್ರ. ಈ ಅಗ್ಗದ ಮುದ್ರಣವೇ ಇಂಥ ಕಾಮಿಕ್ಸ್ ಮಾಡಿದವರ ಬಲ. 1954ರಿಂದ ಅಮೆರಿಕದಲ್ಲಿ ಕಾಮಿಕ್ಸ್ ಕೋಡ್ (ಪ್ರಕಾಶಕರೇ ಮಾಡಿಕೊಂಡ ನೀತಿ ನಿಯಮ) ಒಪ್ಪಿಗೆಯ ಮುದ್ರೆ ಇಲ್ಲದ ಪುಸ್ತಕಗಳನ್ನು ಹೆಚ್ಚಿನ ವಿತರಕರು ಮುಟ್ಟುತ್ತಿರಲಿಲ್ಲ. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 'ಜ್ಯಾಪ್' ಶುರು ಮಾಡಿದ ಚಿತ್ರಕಾರ ರಾಬರ್ಟ್ ಕ್ರಂಬ್ ಆ ಮುದ್ರೆಗೆ ಕಾಯಲಿಲ್ಲ. ಗೆಳೆಯರ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ, ಮಗುವಿನ ತಳ್ಳುಗಾಡಿಯಲ್ಲಿಟ್ಟು ಬೀದಿಯಲ್ಲೇ ಮಾರಿದರು. ನಮ್ಮ ಹಾಸ್ಯ ಪತ್ರಿಕೆ 'ಕೊರವಂಜಿ' ನಿಂತ ಮರುವರ್ಷ ಇದು. ಆರ್.ಕೆ. ಲಕ್ಷ್ಮಣ್ ಅವರ ಗೆರೆ ನೋಡಿ ನಕ್ಕವರಿಗೆ ಕ್ರಂಬ್ ಅವರ ಗೆರೆ ಬೇಗ ಹಿಡಿಸುತ್ತದೆ, ಆದರೆ ಇದು ತುಂಬಾ ಒರಟು.

ಮೊದಲ ಸಂಚಿಕೆಯ ಮಿಸ್ಟರ್ ನ್ಯಾಚುರಲ್ ಬಿಳಿ ಗಡ್ಡದ, ನಿಲುವಂಗಿಯ ಗುರು. ಅವನ ಹಿಂದೆ ಫ್ಲೇಕಿ ಫೂಂಟ್ ಎಂಬ ಪೇಟೆ ಮನುಷ್ಯ ಬಾಳಿನ ಅರ್ಥ ಕೇಳಿಕೊಂಡು ಅಲೆಯುತ್ತಾನೆ. ಗುರು ಢೋಂಗಿಯೋ, ನಿಜವಾಗಿ ತಿಳಿದವನೋ? ಕ್ರಂಬ್ ಹೇಳುವುದಿಲ್ಲ. ವಿಡಂಬನೆಯ ಪೆಟ್ಟು ಗುರುವಿಗಿಂತ ಶಿಷ್ಯನಿಗೇ ಜಾಸ್ತಿ ಬೀಳುತ್ತದೆ. ಆಶ್ರಮ, ಬಾಬಾಗಳನ್ನು ಕಂಡ ನಮಗೆ ಇದನ್ನು ವಿವರಿಸಬೇಕಿಲ್ಲ, ಅಲ್ವಾ?

ಎರಡನೇ ಸಂಚಿಕೆಯಲ್ಲಿ ವಿಕ್ಟರ್ ಮೊಸ್ಕೊಸೊ, ರಿಕ್ ಗ್ರಿಫಿನ್ ಸೇರಿಕೊಳ್ಳುತ್ತಾರೆ. ಇಬ್ಬರೂ ರಾಕ್ ಸಂಗೀತ ಕಚೇರಿಗಳ ಪೋಸ್ಟರ್ ಮಾಡಿದವರು. ಇಲ್ಲಿ ಕಥೆಯನ್ನು ಹುಡುಕಬೇಡಿ. ಒಂದು ಚೌಕದ ಆಕಾರ ಮುಂದಿನ ಚೌಕದಲ್ಲಿ ಕರಗಿ ಇನ್ನೊಂದಾಗುತ್ತದೆ. ಕನಸಿನಲ್ಲಿ ನಡೆದ ಹಾಗೆ ಕಣ್ಣು ಸುಮ್ನೆ ಮುಂದೆ ಹೋಗುತ್ತದೆ. ಆ ಪುಟಗಳನ್ನು ನಾನು ಎಷ್ಟು ನೋಡಿದರೂ ದಣಿಯುವುದಿಲ್ಲ. ಕೈಯಿಂದ ಎಳೆದ ಅಷ್ಟು ಸಣ್ಣ ಗೆರೆಗಳು ಈ ಕಾಗದದ ಮೇಲೂ ಒಡೆದಿಲ್ಲ!

ಆದರೆ ಅದೇ ಸಂಚಿಕೆಯಲ್ಲಿ ಕಪ್ಪು ಹೆಣ್ಣೊಬ್ಬಳನ್ನು ಕ್ರಂಬ್ ಚಿತ್ರಿಸಿದ ರೀತಿ ನನಗೆ ಸಹಿಸಲಾಗಲಿಲ್ಲ. ವಿಡಂಬನೆ ಎಂದು ಸಮರ್ಥಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಗುಂಪಿನ ಗಂಡಸರು ಹೆಂಗಸರನ್ನು ತೋರಿಸುವ ಬಗೆಯನ್ನು ಕಾಮಿಕ್ಸ್ ಚಿತ್ರಕಾರ್ತಿ ಟ್ರಿನಾ ರಾಬಿನ್ಸ್ ಆಗಲೇ ಎದುರಿಸಿದ್ದರು. 1970ರಲ್ಲಿ ಹೆಂಗಸರೇ ಬರೆದು ಚಿತ್ರಿಸಿದ ಕಾಮಿಕ್ಸ್ ಹೊರತಂದರು. ಅದನ್ನೂ ತರಿಸಿಕೊಡಿ ಎಂದು ಅಂಗಡಿಯವರಿಗೆ ಹೇಳಿದ್ದೇನೆ. "ನೋಡ್ತೀನಿ ಅಣ್ಣಾ" ಎಂದು ಚೀಟಿಯಲ್ಲಿ ಬರೆದುಕೊಂಡರು.

ಅಂಗಡಿಯ ಬಗ್ಗೆ ಎರಡು ದೂರು. ಬೆಲೆಯ ಸ್ಟಿಕರನ್ನು ನೇರ ಹೊದಿಕೆಗೇ ಅಂಟಿಸುತ್ತಾರೆ, ಕಿತ್ತರೆ ಬಣ್ಣವೂ ಕಿತ್ತು ಬರುತ್ತದೆ. ಇನ್ನೊಂದು, 'ಜ್ಯಾಪ್' ದೊಡ್ಡವರ ಓದು, ಹೊದಿಕೆಯ ಮೇಲೇ ಆ ಎಚ್ಚರಿಕೆ ಇದೆ. ಆದರೂ ಟಿಂಕಲ್, ಅಮರ ಚಿತ್ರಕಥೆಯ ಜೊತೆಗೇ ಪೇರಿಸಿಟ್ಟಿದ್ದಾರೆ. ಬೇರೆ ಡಬ್ಬಿಯಲ್ಲಿ ಇಡಲೇಬೇಕು.

ಸಂಜೆ ಐದರ ಮೇಲೆ ಹೋಗಿ. ಮಳೆಗಾಲದಲ್ಲಿ ಕೊಳ್ಳುವ ಮೊದಲು ಪಿನ್ ತುಕ್ಕು ಹಿಡಿದಿದೆಯೇ ನೋಡಿ. ಸ್ವಲ್ಪ ಚೌಕಾಸಿ ನಡೆಯುತ್ತದೆ.