ಚೀನಾದ ಶೆಂಝೆನ್ ಫ್ಯಾಕ್ಟರಿಗೆ ಎನ್‌ಡಿಎ ಸಾಕಾ, ಎನ್‌ಎನ್‌ಎನ್ ಬೇಕಾ?

ಚಾರ್ಜರ್ ಮಾಡಿಸಲು ಫ್ಯಾಕ್ಟರಿಗೆ ಗರ್ಬರ್ ಫೈಲ್ (ಸರ್ಕ್ಯೂಟ್ ಬೋರ್ಡಿನ ನಕ್ಷೆ) ಕಳಿಸುವ ಮುಂಚೆಯೇ ಯಾವ ಒಪ್ಪಂದ ಬೇಕು ಅಂತ ಕೇಳಿದಿರಿ, ಒಳ್ಳೇದಾಯ್ತು.

ಖರ್ಚು ನೋಡಿದರೆ ಎನ್‌ಡಿಎ (ಗುಟ್ಟು ಕಾಯುವ ಒಪ್ಪಂದ) ಅಗ್ಗ. ಇಂಗ್ಲಿಷ್‌ನಲ್ಲಿ ಎರಡು ಪುಟ, ಒಂದು ಸಹಿ, ಮುಗೀತು. ಎನ್‌ಎನ್‌ಎನ್‌ ಅನ್ನೋ ಇನ್ನೂ ಬಿಗಿಯಾದ ಒಪ್ಪಂದಕ್ಕೆ ಚೀನಾದ ಕಾನೂನು ಬಲ್ಲ ವಕೀಲರೇ ಬೇಕು.

ಆದರೆ ಎನ್‌ಡಿಎ ಒತ್ತು ಕೊಡುವುದು ಗುಟ್ಟು ಹೊರಗೆ ಬಿಡಬೇಡ ಅನ್ನೋದಕ್ಕೆ. ಫ್ಯಾಕ್ಟರಿಯವರು ಯಾರಿಗೂ ಹೇಳದೆ ತಾವೇ ಮಾಡಿ ಮಾರಿದರೆ? ಎನ್‌ಎನ್‌ಎನ್‌ನಲ್ಲಿ ಮೂರು ಬೇಡ ಇವೆ: ಹೇಳಬೇಡ, ನೀನೇ ಬಳಸಬೇಡ, ನನ್ನನ್ನು ದಾಟಿ ನನ್ನ ಗಿರಾಕಿಗೆ ಮಾರಬೇಡ.

ಜಾರಿಯ ವಿಷಯವೇ ದೊಡ್ಡದು. ಬೆಂಗಳೂರು ಕೋರ್ಟಿನ ತೀರ್ಪು ಹಿಡಿದು ಚೀನಾದಲ್ಲಿ ವಸೂಲಿಗೆ ಹೋಗುವುದು ಬಹಳ ಕಷ್ಟ. ಅದಕ್ಕೇ ಎನ್‌ಎನ್‌ಎನ್ ಅನ್ನು ಚೀನೀ ಭಾಷೆಯಲ್ಲಿ, ಅಲ್ಲಿನ ಕಾನೂನಿನಡಿ, ದಂಡದ ಮೊತ್ತ ನಮೂದಿಸಿ ಬರೆಯುತ್ತಾರೆ, ಮೇಲೆ ಕಂಪನಿಯ ಅಧಿಕೃತ ಮುದ್ರೆ ಬೀಳಬೇಕು (ಸೇಲ್ಸ್‌ನವರ ಸಹಿ ನಂಬಿ ಕೂರಬೇಡಿ).

ಅವರದೇ ರೆಡಿ ಚಾರ್ಜರ್‌ಗೆ ನಿಮ್ಮ ಲೋಗೋ ಹಾಕಿಸುವುದಾದರೆ ಎನ್‌ಡಿಎ ಸಾಕು. ಉಳಿದ ದುಡ್ಡಲ್ಲಿ ಚೀನಾದಲ್ಲಿ ನಿಮ್ಮ ಲೋಗೋಗೆ ಟ್ರೇಡ್‌ಮಾರ್ಕ್ ಮಾಡಿಸಿ, ಅಲ್ಲಿ ಮೊದಲು ಅರ್ಜಿ ಹಾಕಿದವರಿಗೇ ಹಕ್ಕು. ಡಿಸೈನ್, ಮೋಲ್ಡ್ (ಅಚ್ಚು) ನಿಮ್ಮದಾದರೆ ಎನ್‌ಎನ್‌ಎನ್ ಮಾಡಿಸಿ, ಮೋಲ್ಡ್ ಯಾರದ್ದು ಅಂತಲೂ ಬರೆಸಿ. ಫರ್ಮ್‌ವೇರ್ (ಚಿಪ್‌ನೊಳಗಿನ ಸಾಫ್ಟ್‌ವೇರ್) ಮಾತ್ರ ಅವರ ಕೈಗೆ ಕೊಡದೆ, ಮಾಲು ಬಂದಮೇಲೆ ಇಲ್ಲೇ ಹಾಕಿಕೊಳ್ಳಿ.